ಬ್ರೇಕ್ ಲೈಟು ಬಂತಾ

ಟಿಕ್‌ಟಿಕ್‌ಟಿಕ್‌ಟಿಕ್ — ಇದೇನು ಇಂಡಿಕೇಟರೋ ಜ್ವರ ಬಂದವರ ನಾಡಿಯೋ, ಎಡಕ್ಕೆ ಹಾಕಿದರೂ ಇದೇ ಆತುರ, ಬಲಕ್ಕೆ ಹಾಕಿದರೂ ಇದೇ, ಹಳೇ ಬಲ್ಬಿದ್ದಾಗ ಎಷ್ಟು ಮರ್ಯಾದೆಯಾಗಿ ಟಿಕ್ ಟಕ್ ಅನ್ನುತ್ತಿತ್ತು, ಹದಿನೆಂಟು ವರ್ಷದ ವ್ಯಾನು, ಒಂಬತ್ತು ಮಕ್ಕಳನ್ನು ದಿನಾ ಶಾಲೆಗೆ ಹೊತ್ತುಕೊಂಡು ಹೋಗಿ ವಾಪಸು ತರುವ ವ್ಯಾನು, ಅದಕ್ಕೆ ಈ ವಯಸ್ಸಿನಲ್ಲಿ ಎಲ್‌ಇಡಿ ಶೃಂಗಾರ ಬೇಕಿತ್ತೇ, ಅವಳು ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಕುಳಿತಿದ್ದಾಳೆ, ಒಂದು ಗಂಟೆ ಕೆಲಸ ಕಣೇ ಅಂದಿದ್ದರು ಗಂಡ, ಹಳೇದು ಕೀಳೋದು ಹೊಸದು ಸಿಕ್ಕಿಸೋದು, ಅಷ್ಟೇ — ಅಷ್ಟೇಯಂತೆ, ಭಾನುವಾರದ ಮಧ್ಯಾಹ್ನವೇ ಮುಗಿಯುತ್ತಾ ಬಂತು, ಗಾಜಿನ ಮುಚ್ಚಳದ ಸ್ಕ್ರೂ ತುಕ್ಕು ಹಿಡಿದು ತಲೆ ಸವೆದು ಅವಳ ಉಗುರು ಮುರಿದದ್ದು ಬಂತು, ಬಲ್ಬು ಹಾಕಿದರೆ ಉರಿಯಲಿಲ್ಲ, ತಿರುಗಿಸಿ ಹಾಕಿದರೆ ಉರಿಯಿತು, ಇದಕ್ಕೆ ಹಿಂದುಮುಂದು ಬೇರೆ ಇದೆಯಂತೆ, ಹಳೇದಕ್ಕೆ ಅಂಥ ಜಂಬ ಇರಲಿಲ್ಲ, ಇನ್ನು ಆ ಎಲೆಕ್ಟ್ರಿಕ್ ಅಂಗಡಿಯವನು, ಇಂಡಿಕೇಟರು ಮಿಟುಕಿಸೋ ರಿಲೇನೂ ಬದಲಾಯಿಸ್ಬೇಕು ಅಕ್ಕಾ, ಎಲ್‌ಇಡಿ ಕಮ್ಮಿ ಕರೆಂಟು ಎಳೆಯುತ್ತೆ, ಹಳೇ ರಿಲೇ ಬಲ್ಬೇ ಸುಟ್ಟೋಗಿದೆ ಅಂದ್ಕೊಂಡು ಹಿಂಗೆ ಬಡ್ಕೊಳ್ಳುತ್ತೆ, ಅಂತ ಫೋನಿನಲ್ಲಿ ನಗುತ್ತಾನೆ, ಅದನ್ನ ಮೊದಲೇ ಬೊಗಳೋಕೆ ಏನಾಗಿತ್ತು, ನಾಳೆ ಬೆಳಗ್ಗೆ ಏಳೂವರೆಗೆ ಮೊದಲ ಮಗು ಬಾಗಿಲಲ್ಲಿ ನಿಂತಿರುತ್ತದೆ.

ಎಲ್ಲ ಅವರ ಹಠ, ಎರಡು ವಾರದಿಂದ ತಲೆ ತಿಂದರು, ಹಿಂದಿನ ಲೈಟು ಕಣ್ಣಿಗೇ ಬೀಳಲ್ಲ ಕಣೇ, ಮಂಕು, ಹಿಂದೆ ಬರೋರಿಗೆ ಹೇಗೆ ಗೊತ್ತಾಗಬೇಕು, ಎಲ್‌ಇಡಿ ಹಾಕಿಸು, ಪಳಪಳ ಅನ್ನುತ್ತೆ — ಫೋನಿನಲ್ಲಿ ಏನೋ ನೋಡಿರಬೇಕು ಅಂದುಕೊಂಡಳು, ಬಲ್ಬು ತಂದವರೂ ಅವರೇ, ಕೆಂಪನ್ನೇ ಕೇಳಿ ತಂದೆ ಅಂತ ಡಬ್ಬಿ ಕೈಗಿಟ್ಟರು, ಡಬ್ಬಿಯ ಮೇಲೆ ಬಿಳಿ ಅಂತ ಬರೆದಿದೆ, ಕೆಂಪು ಗಾಜಿನೊಳಗೆ ಅದನ್ನು ಹಾಕಿದರೆ ಬಣ್ಣ ಬಿಟ್ಟ ಬಟ್ಟೆಯ ಹಾಗೆ ಪೇಲವ, ಓದಿ ತರಬಾರದಿತ್ತೇನ್ರೀ ಅಂದರೆ, ಅಕ್ಷರ ಇರುವೆಯಷ್ಟಿದ್ದರೆ ಯಾರು ಓದ್ತಾರೆ ಅಂತ ಅವಳ ಮೇಲೇ ರೇಗಿದರು, ಅವಳೇ ಹೋಗಿ ಬದಲಾಯಿಸಿಕೊಂಡು ಬಂದಳು, ಡಬ್ಬಿಯ ಮೇಲಿನ ಅಕ್ಷರ ಅಷ್ಟೇನೂ ಸಣ್ಣದಿರಲಿಲ್ಲ — ಬೇಡ, ಅದನ್ನು ಈಗ ಯೋಚಿಸುವುದು ಬೇಡ, ಇಂಡಿಕೇಟರು ಆರಿಸು, ಟಿಕ್‌ಟಿಕ್ ನಿಂತಿತು, ನಿಂತರೂ ಕಿವಿಯಲ್ಲಿ ಹೊಡೆದುಕೊಳ್ಳುತ್ತಿದೆ.

ಅರ್ಧ ಗಂಟೆ ಹಿಂದೆ ಚಪ್ಪಲಿ ಪೆಡಲಿನ ಕೆಳಗೆ ಸಿಕ್ಕಿಕೊಂಡಿತ್ತು, ಅಷ್ಟೇ ನಡೆದದ್ದು, ಬ್ರೇಕ್ ಲೈಟು ನೋಡೋಣ ಅಂತ ಬಂತಾ ರೀ ಎಂದು ಕೂಗಿದ್ದಳು, ಕೂಗಿ ಒತ್ತಲು ಹೋದರೆ ಚಪ್ಪಲಿ, ಬಗ್ಗಿ ಎಳೆಯುತ್ತಿದ್ದಾಳೆ, ಕಾಲಿನ್ನೂ ಪೆಡಲಿನ ಮೇಲಿಟ್ಟೇ ಇಲ್ಲ, ಹಿಂದಿನಿಂದ ಬಂತು ಕಣೇ ಅಂದರು, ಕನ್ನಡಿಯಲ್ಲಿ ಅವರ ಕೈ ಮೇಲೆದ್ದಿತ್ತು, ದಿನಾ ಏಳುವ ಹಾಗೆಯೇ. ಈ ಬ್ರೇಕ್ ಲೈಟು ಒಂದು ವಿಚಿತ್ರ ಸಾಮಾನು, ಒತ್ತುವವಳಿಗೆ ಎಂದೂ ಕಾಣುವುದಿಲ್ಲ, ಹಿಂದೆ ಒಬ್ಬರು ನಿಂತು ಹೇಳಬೇಕು, ನಾಲ್ಕು ವರ್ಷದಿಂದ ಪ್ರತಿ ಬೆಳಗ್ಗೆ ಅವರು ಹೇಳುತ್ತಿದ್ದಾರೆ, ಬಂತಾ, ಬಂತು, ಹೊರಡು, ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಅವರು ಒತ್ತುತ್ತಿದ್ದರು, ಅವಳು ಹಿಂದೆ ನಿಂತು ಹೇಳುತ್ತಿದ್ದಳು, ಒಂದು ದಿನ ಕೀ ತಂದು ಅವಳ ಮುಂದಿಟ್ಟು, ಇನ್ನು ನೀನೇ ಓಡಿಸು, ನನಗೆ ಮಂಡಿ ನೋವು, ಅಂದರು — ಮಂಡಿ ನೋವಿನವರು ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾರೆ, ಅದನ್ನು ಆಡಿಕೊಂಡು ಎಷ್ಟು ಸಲ ನಕ್ಕಿಲ್ಲ, ಸೋಮಾರಿ ಮಂಡಿ ಅಂತ, ಅವರೂ ನಗುತ್ತಿದ್ದರು, ಲೋಟದ ಅಂಚು ದಾಟಿ ಚಹಾ ಸುರಿದರೂ ನಗುತ್ತಿದ್ದರು, ತಲೆ ಎಲ್ಲಿಟ್ಟುಕೊಂಡಿದ್ದೀರಿ ಅಂತ ಅವಳು ಬೈಯುತ್ತಾ ಮೇಜು ಒರೆಸುತ್ತಿದ್ದಳು. ಶಾಲೆಯ ಗೇಟಿನ ಕಾವಲುಗಾರ ಎರಡು ವಾರದ ಹಿಂದೆ ಓಡಿಬಂದು, ಅಮ್ಮಾ ನಿಮ್ಮ ಬ್ರೇಕ್ ಲೈಟು ಎರಡೂ ಇಲ್ಲ, ಅಂದಾಗ ಅವಳು ಅವನ ಮೇಲೇ ಹಾರಿಬಿದ್ದಳು, ಬೆಳಗ್ಗೆ ತಾನೇ ನಮ್ಮೆಜಮಾನರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದಾರೆ, ಈಗಷ್ಟೇ ಹೋಗಿರಬೇಕು ಅಂತ, ದಾರಿಯಲ್ಲೇ ಬೇರೆ ಬಲ್ಬು ಹಾಕಿಸಿಕೊಂಡು ಮನೆಗೆ ಬಂದು ಅದನ್ನೇ ಹೇಳಿದಳು, ಅವರು ಊಟ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದರು, ಮಾರನೆಯ ದಿನದಿಂದ ಎಲ್‌ಇಡಿ ಎಲ್‌ಇಡಿ ಅಂತ ಶುರು ಹಚ್ಚಿದರು.

ಅಯ್ಯೋ ಇವರ, ಕಣ್ಣು ಕಾಣ್ತಿಲ್ಲ ಅಂತ ಒಂದು ಮಾತು ಹೇಳೋಕೆ ಏನು ರೋಗ, ಡಾಕ್ಟರ ಹತ್ತಿರ ಹೋಗೋದು ಬಿಟ್ಟು ವ್ಯಾನಿಗೆ ದೀಪ ಜಾಸ್ತಿ ಮಾಡಿಸುತ್ತಾರಲ್ಲ, ಒಂಬತ್ತು ಮಕ್ಕಳು ಕೂತಿರುತ್ತವೆ, ಹಿಂದಿನ ಸೀಟಿನಲ್ಲಿ ಆ ಅವಳಿ ಹುಡುಗಿಯರು ಗಾಜಿಗೆ ಮೂಗೊತ್ತಿಕೊಂಡು ಲಾರಿ ಎಣಿಸುತ್ತಿರುತ್ತಾರೆ, ಪಿತ್ತ ನೆತ್ತಿಗೇರುತ್ತದೆ, ಹೋಗಿ ಕುತ್ತಿಗೆ ಪಟ್ಟಿ ಹಿಡಿದು ಕೇಳಬೇಕು ಅನ್ನಿಸುತ್ತದೆ, ಆದರೆ ನಾಳೆಯಿಂದ ಪಕ್ಕದ ಮನೆಯವರನ್ನು ಕರೆದು ನಿಲ್ಲಿಸಿದರೆ ಇವರು ಏಳು ಗಂಟೆಗೆ ಏನು ಮಾಡುತ್ತಾರೆ, ಅದೊಂದಕ್ಕೇ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಲ್ಲುತ್ತಾರಲ್ಲ — ಇಲ್ಲ, ತನ್ನದೇ ತಪ್ಪಿರಬಹುದು, ಬಗ್ಗಿದಾಗ ಮೊಣಕೈ ಪೆಡಲಿಗೆ ತಾಗಿರಬಹುದು, ತಾಗಿರಲೇಬೇಕು, ಇನ್ನೊಂದು ಸಲ ನೋಡಿಬಿಡೋಣ, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು, ಕೀ ತೆಗೆದು ಮಡಿಲಲ್ಲಿ ಹಾಕಿಕೊಂಡಳು, ಎರಡೂ ಪಾದ ರಬ್ಬರ್ ಮ್ಯಾಟಿನ ಮೇಲೆ ಜೋಡಿಸಿಟ್ಟಳು, ಎರಡೂ ಕೈ ಸ್ಟೀರಿಂಗ್ ಮೇಲೆ, ಇಲ್ಲ ಅನ್ನಿ, ಒಂದು ಸಲ, ದಮ್ಮಯ್ಯ, ಬರಲಿಲ್ಲ ಕಣೇ ಸರಿಯಾಗಿ ಒತ್ತು ಅಂತ ಬೈಯಿರಿ.

ಬಂತಾ ರೀ.

ಅವರು ಅತ್ತ ಬಗ್ಗಿದರು, ಇತ್ತ ಬಗ್ಗಿದರು, ನೆಟ್ಟಗೆ ನಿಂತರು, ಬಂತು ಕಣೇ, ಎರಡೂ ಬಂತು, ಈಗ ಎಷ್ಟು ಚೆನ್ನಾಗಿ ಕಾಣುತ್ತೆ ನೋಡು, ನಾನು ಹೇಳಲಿಲ್ವಾ — ಕನ್ನಡಿಯಲ್ಲಿ ಅವರ ಕೈ ಮೇಲೆದ್ದಿದೆ, ಇಸ್ತ್ರಿ ಅಂಗಿಯ ತೋಳು, ಅರಳಿದ ಮುಖ, ಅವಳು ಕೆಳಗೆ ನೋಡುತ್ತಾಳೆ, ಎರಡು ಪಾದ ಮ್ಯಾಟಿನ ಮೇಲೆ, ಮೇಲೆ ನೋಡುತ್ತಾಳೆ, ಎತ್ತಿದ ಕೈ, ಕೆಳಗೆ ಎರಡು ಪಾದ, ಮೇಲೆ ಎತ್ತಿದ ಕೈ, ಇನ್ನೂ ಇಳಿಸಿಲ್ಲ, ಅವಳು ಹೂಂ ಅನ್ನುವುದನ್ನೇ ಕಾಯುತ್ತಾ ನಿಂತಿದ್ದಾರೆ, ಎತ್ತಿದ ಕೈ