ಅರ್ಧ ಅಳತೆ

ಮನೆಗೆ ಬಂದ ನರ್ಸ್ ಔಷಧಿಯ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗಲೇ ದರ್ಜಿಯ ಹೆಂಡತಿಗೆ ಸಿಕ್ಕಿಬಿದ್ದೆನೆಂದು ಗೊತ್ತಾಯಿತು.

"ಇಷ್ಟೊತ್ತಿಗೆ ಇದು ಖಾಲಿ ಆಗಿರ್ಬೇಕಿತ್ತಲ್ಲ ಅಮ್ಮ?"

"ಹೊತ್ತು ಹೊತ್ತಿಗೆ ಕೊಡ್ತಾನೇ ಇದೀನಿ ಸಿಸ್ಟರ್," ಎಂದು ಅವಳು ತನ್ನ ರವಿಕೆಯ ಕುತ್ತಿಗೆಗೆ, ಬಿದ್ದುಹೋದ ಗುಂಡಿಯ ಬದಲು ಚುಚ್ಚಿದ್ದ ಪಿನ್ನನ್ನು ತಿರುಚತೊಡಗಿದಳು.

ಸುಳ್ಳೇನಲ್ಲ. ಹೊತ್ತು ತಪ್ಪಿಸಿರಲಿಲ್ಲ, ಹೇಳಿದ್ದರಲ್ಲಿ ಅರ್ಧ ಕೊಡುತ್ತಿದ್ದಳು, ಅಷ್ಟೆ. ಗಂಡನ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ಆಸ್ಪತ್ರೆಯವರು, ಇನ್ನು ಗುಣವಾಗದು, ನೋವಾದರೂ ಇಲ್ಲದ ಹಾಗೆ ನೋಡಿಕೊಳ್ಳೋಣ ಎಂದು ಮಾರ್ಫಿನ್ ಬರೆದುಕೊಟ್ಟಿದ್ದರು. ಅದನ್ನು ಕುಡಿದು ಮಲಗಿದವರು ಏಳುವುದಿಲ್ಲ ಎಂದು ಪಕ್ಕದ ಮನೆಯಾಕೆ ಕಿವಿಯಲ್ಲಿ ಊದಿದ್ದಳು. ತುಂಡು ಬಟ್ಟೆಯಲ್ಲೂ ಒಂದು ಅಂಗಿ ಎಬ್ಬಿಸುವ ಮನೆ ಅದು. ಔಷಧಿಯನ್ನೂ ಹಾಗೇ ಎಳೆದು ಹೊಂದಿಸಿದರೆ ಮನುಷ್ಯ ಅಷ್ಟು ದಿನ ಉಳಿದಾನು ಎಂದುಕೊಂಡಳು, ಪಾಪ.

"ಪೂರ್ತಿ ಕೊಟ್ಟು, ನಿದ್ದೆ ಹತ್ತಿ, ಎದ್ದೇ ಇಲ್ಲ ಅಂದ್ರೆ?" ಎಂದು ಕೊನೆಗೆ ಅವಳೇ ಕೇಳಿದಳು.

ನರ್ಸ್ ಬೈಯಲಿಲ್ಲ. "ಮೊದಮೊದಲು ಸ್ವಲ್ಪ ಮಂಪರು ಇರುತ್ತೆ, ಆಮೇಲೆ ಸರಿಹೋಗುತ್ತೆ. ಔಷಧಿ ಉಳಿಸಿದ್ರೆ ಆಯುಷ್ಯ ಉಳಿಯಲ್ಲ ಅಮ್ಮ, ನೋವು ಉಳಿಯುತ್ತೆ."

ಕುರ್ಚಿಯಲ್ಲಿ ದಿಂಬಿಗೆ ಒರಗಿದ್ದ ದರ್ಜಿ ಕಣ್ಣು ಬಿಟ್ಟ. ನೋವಿಗೆ ಅವನು ಮಲಗುವುದನ್ನೇ ಬಿಟ್ಟಿದ್ದ. "ಅರ್ಧ ಅಂತ ಮೊದಲ ದಿನವೇ ಗೊತ್ತಾಯ್ತು," ಎಂದ. "ಕಣ್ಣಳತೆ ತಪ್ಪಿದ್ರೆ ನಾನ್ಯಾವ ದರ್ಜಿ?"

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ರೀ ನಿಮಗೆ!"

"ಕುಡಿಸೋವಾಗ ನಿನ್ನ ಕೈ ನಡುಗ್ತಿತ್ತು ಕಣೇ. ಇನ್ನೂ ಹಾಕು ಅನ್ನೋಕೆ ಮನಸ್ಸು ಬರ್ಲಿಲ್ಲ."

ಸಂಕಟ, ಸಿಟ್ಟು ಒಟ್ಟಿಗೇ ಉಕ್ಕಿ ಬಂದವು ಅವಳಿಗೆ. ಮೂಗು ಒರೆಸಿಕೊಂಡು, ಔಷಧಿಯನ್ನು ಅಳತೆ ಮುಚ್ಚಳದ ಗೆರೆ ಮುಟ್ಟುವಷ್ಟು ಅಳೆದು ಕುಡಿಸಿದಳು. ನರ್ಸ್ ಕೈಹಿಡಿದು ಅವನನ್ನು ಹಾಸಿಗೆಗೆ ಸೇರಿಸಿ ಹೋದಳು. ಅವನು ಕಾಲು ಚಾಚಿ ಮಲಗಿದ. ಅವಳು ಒಲೆಯ ಕಡೆ ತಲೆಹಾಕದೆ, ಅವನ ಎದೆ ಏರಿಳಿಯುವುದನ್ನೇ ಕಾಯುತ್ತ ಕೂತಳು.

ಬಿಸಿಲು ಇಳಿಯುವಾಗ ಎಚ್ಚರವಾಯಿತು ಅವನಿಗೆ. ಮುಖದ ಬಿಗಿ ಸಡಿಲವಾಗಿತ್ತು. ಕಣ್ಣು ಅವಳ ಪಿನ್ನಿನ ಮೇಲೆ ನಿಂತಿತು. ಊರವರಿಗೆಲ್ಲ ಹೊಲಿದವನ ಹೆಂಡತಿಗೆ ಆ ಗುಂಡಿಯ ವಿಷಯದಲ್ಲಿ ವರ್ಷಗಳಿಂದ ಸಿಕ್ಕಿದ್ದು ಒಂದೇ ಉತ್ತರ: ನಾಳೆ.

"ಸೂಜಿ ದಾರ, ಒಂದು ಗುಂಡಿ ತಾ."

"ಸುಸ್ತಾಗಿದೀರಿ. ನಾಳೆ ಹಾಕಿದ್ರಾಯ್ತು ಬಿಡಿ."

"ಗಿರಾಕಿಗೆ ಹೇಳೋ ಮಾತು ನನಗೇ ಹೇಳ್ತೀಯಾ? ತಾ."

ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಬಾಗಿದಳು. ಅವನು ಅವಸರವಿಲ್ಲದೆ ಗುಂಡಿ ಹೊಲಿದು, ಗಂಟು ಹಾಕಿ, ದಾರ ಕಚ್ಚಿ ಹರಿಯಲು ಮುಖ ಹತ್ತಿರ ತಂದ. ಅವನ ಉಸಿರು ಅವಳ ಕುತ್ತಿಗೆಗೆ ಬೆಚ್ಚಗೆ ತಾಗಿತು.