ಮಾಡಿದವರು ಜಗ್ಗಬಾರದು

ಎಂಟನೆಯ ಸಲಕ್ಕಾದರೂ ಬಾಯಿಗೆ ಕೆಲಸವಿಲ್ಲದ ಸಂದರ್ಶನ ಸಿಕ್ಕಿತಲ್ಲ ಎಂದುಕೊಂಡು ಹೇಮಾ ಕುರುಗೋಡಿನ ಬಸ್ಸು ಹತ್ತಿದ್ದಳು. ಹಿಂದಿನ ಏಳರಲ್ಲೂ ಆದದ್ದು ಒಂದೇ. "ನಿಮ್ಮ ಬಗ್ಗೆ ಹೇಳಿ" ಎಂದೊಡನೆ ಅವಳ ನಾಲಿಗೆ ಒಣಗಿ ಅಂಟಿಕೊಳ್ಳುತ್ತಿತ್ತು. ಎದುರು ಕೂತವರು ಕಾದು ಕಾದು, ಕೊನೆಗೆ ಕನಿಕರದಿಂದ ನೀರಿನ ಲೋಟ ಮುಂದೆ ಸರಿಸುತ್ತಿದ್ದರು. ಬಿಎಸ್ಸಿ ಮುಗಿದು ಮೂರು ವರ್ಷವಾಗಿತ್ತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಎರಡು ಕೋಣೆಯ ಮನೆಯಲ್ಲಿ ಅವ್ವ ಪಾರಮ್ಮ ದಿನವಿಡೀ ಜೀನ್ಸ್ ಹೊಲಿದು ಬಂದು, ಬೆನ್ನು ಹಿಡಿದುಕೊಂಡು ಮಲಗುವುದನ್ನು ನೋಡುತ್ತಾ ಕೂರುವುದು ಹೇಮಾಳಿಗೆ ಸಾಕಾಗಿ ಹೋಗಿತ್ತು. ಇದೂ ತಪ್ಪಿದರೆ ಮುಂದೇನು ಎಂಬುದನ್ನು ಅವಳು ಯೋಚಿಸಲೇ ಇಲ್ಲ. ಯೋಚಿಸಲು ಅಲ್ಲಿ ಏನೂ ಇರಲಿಲ್ಲ.

ಕುರುಗೋಡಿನ ಆಚೆ ಹೊಸದಾಗಿ ತೆರೆದ ವಸತಿ ಶಾಲೆಗೆ ಮಾದರಿ ವಿಮಾನ ಕಲಿಸುವವರು ಬೇಕಿದ್ದರು. ರಿಮೋಟಿನದ್ದಲ್ಲ, ಎರಡು ಉಕ್ಕಿನ ತಂತಿ ಕಟ್ಟಿ, ಅದರ ಹಿಡಿಯನ್ನು ಕೈಯಲ್ಲಿ ಹಿಡಿದು, ಮೈದಾನದ ನಡುವೆ ನಿಂತು ತನ್ನ ಸುತ್ತಲೂ ಹಾರಿಸುವಂಥದ್ದು. ಬಂದವರು ಮಕ್ಕಳೆದುರು ಒಮ್ಮೆ ಹಾರಿಸಿ ತೋರಿಸಿದರೆ ಸಾಕು ಎಂದು ಕಾರ್ಯದರ್ಶಿ ಹೇಳಿ ಕಳಿಸಿದ್ದರು. ಅದೊಂದು ಹೇಮಾಳಿಗೆ ಬರುತ್ತಿತ್ತು. ಕಾಲೇಜಿನಲ್ಲಿ ನಿವೃತ್ತ ಮೆಕ್ಯಾನಿಕ್ ಚಿದಾನಂದಪ್ಪ ಮೇಷ್ಟ್ರು ಕಲಿಸಿದ್ದರು. ಹಿಡಿ ಕೈಗೆ ಬಂದರೆ ಅವಳಿಗೆ ಮಾತೇ ಬೇಕಾಗುತ್ತಿರಲಿಲ್ಲ. ಮಣಿಕಟ್ಟು ತುಸು ಓರೆಯಾದರೆ ಐವತ್ತು ಅಡಿ ಆಚೆ ವಿಮಾನ ತಲೆಯೆತ್ತುತ್ತಿತ್ತು.

ಹಿಂದಿನ ವಾರ ಅವಳು ಸಿರುಗುಪ್ಪಕ್ಕೆ, ಮೇಷ್ಟ್ರ ಮನೆಗೆ ಹೋಗಿದ್ದಳು. ಪಾರ್ಶ್ವವಾಯು ಬಡಿದು ಅವರ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ತಂತಿಯನ್ನು ವಿಮಾನಕ್ಕೂ ಹಿಡಿಗೂ ಸೇರಿಸುವ ಕೊಂಡಿಗಳು ಬೇಕು ಸರ್ ಎಂದು, ದಾರಿಯಲ್ಲಿ ಹೊಳೆ ಮೀನುಗಾರರ ಬಲೆ ಅಂಗಡಿಯಲ್ಲಿ ಕೊಂಡಿದ್ದ, ಗಾಳದ ದಾರಕ್ಕೆ ಸಿಕ್ಕಿಸಿ ಬಾಯಿ ಮುಚ್ಚುವ ಎರಡು ಕೊಕ್ಕೆಗಳನ್ನು ತೋರಿಸಿದಳು. ಹೊಸವು, ಫಳಫಳ ಹೊಳೆಯುತ್ತಿದ್ದವು.

"ಬಿಸಾಕು ಅದನ್ನ," ಎಂದರು ಮೇಷ್ಟ್ರು. "ಮೀನ ಒಂದ ದಿಕ್ಕಿಗೆ ಜಗ್ಗತೈತಿ. ವಿಮಾನ ಹಂಗಲ್ಲವ್ವ. ಗಾಳಿ ಬಿತ್ತಂದ್ರ ತಂತಿ ಸಡ್ಲ ಆಕ್ಕೈತಿ, ಆಗ ಈ ಕೊಕ್ಕಿ ಹೊಳ್ಳಿ ಅಡ್ಡ ಕೂಡತೈತಿ. ಮತ್ತ ಜಟಕ್ಕನ ಜಗ್ಗಿದ್ರ ಬಾಯಿ ಬಿಟ್ಟs ಬಿಡತೈತಿ. ತಕ್ಕಡಿಗೆ ಹಾಕಿ ಜಗ್ಗಿದ್ರ ಹತ್ತು ಕಿಲೋ ತಡಿತೈತಿ, ಅದಕ್ಕs ಮಂದಿ ಮೋಸ ಹೋಗ್ತಾರ."

ಹಾಸಿಗೆಯ ಕೆಳಗಿನ ಡಬ್ಬಿಯಿಂದ ತಾವೇ ಹಿಂದೆ ಬಾಗಿಸಿ ಮಾಡಿದ್ದ ನಾಲ್ಕು ಕೊಂಡಿ ತೆಗೆಸಿದರು. ಸ್ಪ್ರಿಂಗ್ ತಂತಿಯವು, ಪಿನ್ನಿನಂತೆ ಒಂದು ಕಾಲು ತೆರೆಯುತ್ತದೆ, ಆ ಕಾಲಿನ ಮೇಲೆ ಸಣ್ಣ ಹಿತ್ತಾಳೆ ಕೊಳವೆ ಸರಿದು ಬಾಯಿ ಮುಚ್ಚುತ್ತದೆ. ಉಳಿದಿದ್ದವು ಆ ನಾಲ್ಕೇ.

"ಅಮ್ಮಾರನ್ನ ಕರೀಲೇನ್ರಿ ಸರ್, ಜಗ್ಗಾಕ?" ಎಂದು ಹೇಮಾ ಅಡುಗೆಮನೆಯಲ್ಲಿದ್ದ ಮೇಷ್ಟ್ರ ಹೆಂಡತಿ ಜಂಬಮ್ಮನತ್ತ ನೋಡಿ ಕೇಳಿದಳು. ಮೇಷ್ಟ್ರ ಹಳೆಯ ಕಟ್ಟಳೆ ಅದು: ಕೊಂಡಿ ಮಾಡಿದವರು ಅದನ್ನು ತಾವೇ ಜಗ್ಗಿ ನೋಡಬಾರದು. ತನ್ನ ಕೆಲಸದ ಮೇಲೆ ಕೈಗೆ ಕರುಣೆ ಬಂದುಬಿಡುತ್ತದೆ ಎನ್ನುತ್ತಿದ್ದರು.

"ಆಕಿ ರೊಟ್ಟಿ ಬಡಿಯಾಕತ್ಯಾಳ. ಕೊಡಿಲ್ಲೆ, ನಾನs ಜಗ್ಗತೀನಿ."

ಮಂಚದ ಮೊಳೆಗೆ ಸಿಕ್ಕಿಸಿ, ಎಡಗೈಯಲ್ಲಿ ಹಿಡಿದು ಒಂದೊಂದನ್ನೇ ಎಳೆದರು. ಮುಖ ಕೆಂಪಾಗುವಷ್ಟು ಎಳೆದರು. ಗಟ್ಟಿ ಅದಾವ ಎಂದರು. ಎಷ್ಟೋ ತಿಂಗಳ ಮೇಲೆ ಅವರ ಕೈ ಒಂದು ಕೆಲಸ ಮಾಡಿತ್ತು. ಆ ಕೊಂಡಿಗಳನ್ನು ಬೇರೆಯವರಿಂದ ಇನ್ನೊಮ್ಮೆ ಜಗ್ಗಿಸುವ ಧೈರ್ಯ ಹೇಮಾಳಿಗೆ ಬರಲಿಲ್ಲ. ಬಲೆ ಅಂಗಡಿಯ ಕೊಕ್ಕೆಗಳನ್ನೂ ಬಿಸಾಡಲಿಲ್ಲ. ಅವು ಚೀಲದ ತಳದಲ್ಲಿ ಉಳಿದವು.

ಶಾಲೆಯ ಮೈದಾನದ ಒಂದು ಬದಿಗೆ ಕುರುಗೋಡಿನ ಬಂಡೆಗುಡ್ಡ, ಇನ್ನೊಂದು ಬದಿಗೆ ಬಯಲು. ಬಿಸಿಗಾಳಿ ತಡೆದು ತಡೆದು ಬೀಸುತ್ತಿತ್ತು. ಸುಣ್ಣದ ಗೆರೆಯ ಆಚೆ ನೂರಿಪ್ಪತ್ತು ಹುಡುಗಿಯರು ಸಾಲಾಗಿ ಕೂತಿದ್ದರು. ಕಾರ್ಯದರ್ಶಿ ದೊಡ್ಡಬಸವರಾಜರು ಕುರ್ಚಿಯ ಮೇಲೆ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಹೇಮಾ ತಂತಿ ಬಿಚ್ಚಿ ಹಾಸಿದಳು. ತಂತಿಯ ತುದಿಗಳನ್ನು ಮಡಚಿ ಅವ್ವನ ಹಳದಿ ಜೀನ್ಸ್ ದಾರದಿಂದ ಬಿಗಿಯಾಗಿ ಸುತ್ತಿದ್ದಳು. ಕೊಂಡಿ ಹಾಕಿ, ಕೊಳವೆ ಸರಿಸಿ, ತಾನು ವಿಮಾನ ಹಿಡಿದು ಕೂತು, ವ್ಯಾಯಾಮದ ಮೇಷ್ಟ್ರು ಹೊನ್ನೂರಸ್ವಾಮಿಯ ಕೈಗೆ ಸ್ಪ್ರಿಂಗ್ ತಕ್ಕಡಿ ಕೊಟ್ಟಳು. ವಿಮಾನ ಎಂಟುನೂರು ಗ್ರಾಂ; ಹಾರಿಸುವ ಮೊದಲು ಅದರ ಹತ್ತು ಪಟ್ಟು, ಎಂಟು ಕಿಲೋ ಜಗ್ಗಿ ನೋಡಬೇಕು.

"ಮೇಡಮ್ಮಾರ, ನಾ ಹಗ್ಗ ಜಗ್ಗಾಟದಾಗ ತಾಲ್ಲೂಕಿಗೆ ಫಸ್ಟು," ಎಂದ ಹೊನ್ನೂರಸ್ವಾಮಿ. "ಹರಿದ್ರ ನನ್ನ ಬೈಬ್ಯಾಡ್ರಿ."

ಮುಳ್ಳು ಆರರ ಹತ್ತಿರ ಬಂದಾಗ ಟಕ್ ಎಂದಿತು. ಹೊನ್ನೂರಸ್ವಾಮಿ ಹಿಂದಕ್ಕೆ ಕುಕ್ಕರಿಸಿದ. ಹುಡುಗಿಯರು ನಕ್ಕರು.

ಹೇಮಾ ತುಂಡಾದ ಕೊಂಡಿಯನ್ನು ಅಂಗೈಯಲ್ಲಿಟ್ಟು ನೋಡಿದಳು. ಹಿತ್ತಾಳೆ ಕೊಳವೆ ಮುಚ್ಚಿದ್ದ ಜಾಗದಲ್ಲೇ ತುಕ್ಕು ತಂತಿಯನ್ನು ಅರ್ಧ ತಿಂದಿತ್ತು. ಹೊರಗಿನಿಂದ ಕಾಣುವಂತಿರಲಿಲ್ಲ. ಬೇರೆ ಕೊಂಡಿ ಇಲ್ಲ. ಬಾಗಿಸಲು ಸ್ಪ್ರಿಂಗ್ ತಂತಿ ಇಲ್ಲ, ಇಕ್ಕಳವಿಲ್ಲ. ಚೀಲದೊಳಗೆ ಕೈ ಹಾಕಿದಳು. ತಳದಲ್ಲಿ ಬಲೆ ಅಂಗಡಿಯ ಆ ಎರಡು ಕೊಕ್ಕೆ ತಣ್ಣಗೆ ಬೆರಳಿಗೆ ತಗುಲಿದವು.

"ಇನ್ನ ಎಷ್ಟೊತ್ತಮ್ಮಾ?" ಕಾರ್ಯದರ್ಶಿ ಕೇಳಿದರು. "ನಂಗ ಬಳ್ಳಾರಿಗೆ ಹೋಗೋದೈತಿ. ಸೋಮವಾರ ಇನ್ನೊಬ್ರು ಬರಾಕತ್ತ್ಯಾರ."

ಹೇಮಾ ಮುರಿದ ಕೊಂಡಿಯ ಜಾಗಕ್ಕೆ ಕೊಕ್ಕೆ ಹಾಕಿದಳು. ಹೊನ್ನೂರಸ್ವಾಮಿ ಮತ್ತೆ ಜಗ್ಗಿದ. ಆರು, ಎಂಟು, ಒಂಬತ್ತು. ಹಿಡಿಯಿತು. "ಇದು ಗಟ್ಟಿ ಐತ್ರಿ ಮೇಡಮ್ಮಾರ," ಎಂದು ಅವನು ಕೈ ಝಾಡಿಸಿದ. ಎಲ್ಲರೂ ನೋಡಿದ್ದರು. ಗಾಳಿ ಬೀಳದಿರಲೂಬಹುದು. ನಾಲ್ಕು ಸುತ್ತು, ಬರೀ ನಾಲ್ಕು. ಇಂಜಿನ್ ಶುರುಮಾಡಿದಳು, ಕಿರುಚು ಸದ್ದಿಗೆ ಹುಡುಗಿಯರು ಕಿವಿ ಮುಚ್ಚಿಕೊಂಡರು. ವಿಮಾನವನ್ನು ಹೊನ್ನೂರಸ್ವಾಮಿಯ ಕೈಗೆ ಕೊಟ್ಟು, ತಂತಿಗುಂಟ ನಡು ಮೈದಾನದತ್ತ ನಡೆದಳು. ಹಿಡಿ ಎತ್ತಿಕೊಂಡು ತಿರುಗುವಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ನುಗ್ಗಿತು. ತಂತಿ ಸಡಿಲಾಗಿ ನೆಲಕ್ಕೆ ಜೋತಿತು, ಮತ್ತೆ ಬಿಗಿಯಿತು. ಅವಳ ಮಣಿಕಟ್ಟಿಗೆ ಆ ಜಟಕು ಬಂದು ತಟ್ಟಿತು.

ಅವಳು ವಿಮಾನವನ್ನು ನೋಡಲಿಲ್ಲ. ಅದರ ಹಿಂದೆ ಸುಣ್ಣದ ಗೆರೆ ಕಂಡಿತು, ಗೆರೆಯಾಚೆ ಎರಡು ಜಡೆಯ ಹುಡುಗಿಯರ ಸಾಲು ಕಂಡಿತು. ಹಿಡಿ ಕೆಳಗಿಟ್ಟು ಓಡಿಬಂದು ಇಂಧನದ ನಳಿಕೆ ಚಿವುಟಿದಳು. ಇಂಜಿನ್ ಕೆಮ್ಮಿ ನಿಂತಿತು.

"ಏನಾತು?" ಎಂದರು ಕಾರ್ಯದರ್ಶಿ.

ಹೇಮಾ ಬಾಯಿ ತೆರೆದಳು. ಏಳು ಸಲ ಆದದ್ದೇ ಆಯಿತು. "ಬ್ಯಾಡ್ರಿ," ಎಂಬುದೊಂದೇ ಹೊರಬಂತು.

ದೊಡ್ಡಬಸವರಾಜರು ಎದ್ದು ಅಂಗಿ ಕೊಡವಿಕೊಂಡರು. "ಜಗ್ಗಿದ್ವಿ, ಹಿಡೀತು. ಆದ್ರೂ ಬ್ಯಾಡಂತಿ. ನಿನಗs ಧೈರ್ಯ ಇಲ್ಲಂದ್ರ ಹುಡುಗೇರಿಗೆ ಏನ್ ಕಲಿಸ್ತೀಯಮ್ಮಾ?" ಎಂದು ಕಾರಿನ ಕಡೆ ನಡೆದರು.

ಮನೆಗೆ ಹೋಗುವ ಬಸ್ಸು ಬಂದರೂ ಹೇಮಾ ಹತ್ತಲಿಲ್ಲ. ಅವ್ವನ ಮುಖ ನೋಡುವ ಶಕ್ತಿ ಇರಲಿಲ್ಲ. ಎರಡು ಬಸ್ಸು ಬದಲಿಸಿ ಸಿರುಗುಪ್ಪದಲ್ಲಿ ಇಳಿದಾಗ ಅಕ್ಕಿ ಗಿರಣಿಗಳ ಮೇಲೆ ಬಿಸಿಲು ಹಳದಿಯಾಗಿತ್ತು. ಮೇಷ್ಟ್ರು ಅವಳನ್ನು ನೋಡಿದವರೇ ಎಡಗೈ ಚಾಚಿದರು.

"ನಾನs ಸರಿಯಾಗಿ ಹಾಕಲಿಲ್ಲ ಸರ್," ಎಂದು ಹೇಮಾ ತುಂಡನ್ನು ಅವರ ಕೈಗಿಟ್ಟಳು.

ಅವರು ಹೆಬ್ಬೆರಳಿನಿಂದ ಮುರಿದ ಜಾಗ ಸವರಿದರು. ಬೆರಳಿಗೆ ತುಕ್ಕಿನ ಪುಡಿ ಹತ್ತಿತು.

"ನಾ ಮಾಡಿದ್ದು," ಎಂದರು. "ನಾನs ಜಗ್ಗಿದ್ದೆ." ನಂತರ ಒಳಗೆ ತಿರುಗಿ ಕೂಗಿದರು: "ಜಂಬಮ್ಮಾ, ಆ ತಂತಿ ಸುರುಳಿ, ಇಕ್ಕಳ ತಗಂಬಾ. ಹೇಮವ್ವ, ನೀನು ಬಾಗಿಸು."

ಹೇಮಾ ಬಾಗಿಸಿದಳು. ಜಂಬಮ್ಮ ಸೀರೆ ಎತ್ತಿ ಕಟ್ಟಿ, ಬಾಗಿಲ ಚೌಕಟ್ಟಿಗೆ ಒಂದು ಕಾಲು ಕೊಟ್ಟು ಜಗ್ಗಿದಳು. ಮೊದಲನೆಯದು ಬಾಯಿ ತೆರೆಯಿತು.

"ಏನ್ ಮಾಡಿಯೇ ಇದನ್ನ, ಶಾವಿಗಿ ಮಾಡೀಯೇನು?" ಎಂದಳು ಜಂಬಮ್ಮ.

ಎರಡನೆಯದು ಓರೆಯಾಯಿತು. ಮೂರನೆಯದಕ್ಕೆ ಜಂಬಮ್ಮ ಉಸಿರು ಕಟ್ಟಿ, ಇಡೀ ಮೈ ಭಾರ ಹಾಕಿ ಜೋತುಬಿದ್ದಳು. ಕೊಂಡಿ ಅಲ್ಲಾಡಲಿಲ್ಲ.

ಆ ಕೊಂಡಿಯನ್ನು ನೋಡುತ್ತಿದ್ದಾಗ ಹೇಮಾಳಿಗೆ ಸೋಮವಾರದ ನೆನಪಾಯಿತು. ಆ ಇನ್ನೊಬ್ಬರು ಎಂಥ ಕೊಂಡಿ ತರುತ್ತಾರೋ. ಆ ಎರಡು ಜಡೆಯ ಸಾಲು. ಫೋನು ತೆಗೆದು ಕಾರ್ಯದರ್ಶಿಗಳಿಗೆ ಹಚ್ಚಿದಳು. ಅವರು ಹಲೋ ಎಂದೊಡನೆ ಶುರುಮಾಡಿದಳು: ಮೀನಿನ ಕೊಕ್ಕೆ ಹಾಕಿದ್ದರೆ ಹಾರಿಸಗೊಡಬೇಡಿ, ಕೊಳವೆ ಸರಿಸಿ ಒಳಗೆ ತುಕ್ಕು ನೋಡಿ, ಹೊನ್ನೂರಸ್ವಾಮಿಯವರೇ ಜಗ್ಗಲಿ, ಮಕ್ಕಳನ್ನು ಇನ್ನೂ ಐವತ್ತು ಅಡಿ ಹಿಂದೆ ಕೂಡಿಸಿ. ಯಾಕೆ ಎಂದು ಅವರು ಕೇಳಿದರು. ಯಾಕೆ ಎಂಬುದನ್ನೂ ಹೇಳಿದಳು. "ತಡೀಮ್ಮಾ, ಬರಕೊಂತೀನಿ," ಎಂದರು ಅವರು. ಅವಳು ಎಲ್ಲವನ್ನೂ ಮೊದಲಿನಿಂದ ನಿಧಾನವಾಗಿ ಹೇಳಿ, ಇಡುತ್ತೇನ್ರಿ ಎಂದು ಫೋನು ಇಟ್ಟಳು.

ಮೇಷ್ಟ್ರೂ ಜಂಬಮ್ಮನೂ ಅವಳನ್ನೇ ನೋಡುತ್ತಿದ್ದರು.

"ಎಲ್ಲಾ ಹೇಳಿದಿ," ಎಂದಳು ಜಂಬಮ್ಮ. "ನಿಂದು ಕೇಳಲೇ ಇಲ್ಲಲ್ಲೇ."

ಹೇಮಾ ಗೋಡೆಗೆ ಒರಗಿ ಕೂತಳು. ಕೇಳಿರಲಿಲ್ಲ. ಸೋಮವಾರ ನನಗೂ ಒಂದು ಅವಕಾಶ ಕೊಡಿ ಎಂಬ ಐದು ಮಾತು.

ಮೇಷ್ಟ್ರು ಮೂರನೆಯ ಕೊಂಡಿಯನ್ನು ಎಡಗೈಯಿಂದ ಎತ್ತಿ ಅವಳ ಅಂಗೈಗೆ ಹಾಕಿದರು.

ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅದೇ ನಂಬರಿಗೆ ಅವಳು ಇನ್ನೊಮ್ಮೆ ಹಚ್ಚಿದಳು.