ಫೈಬರ್ ಆಲದ ಪೊಟರೆ

ಸರ್ವೇಯರ್ ಪೆನ್ನಿನ ತುದಿಯಿಂದ ಕಾಂಡವನ್ನು ಕೆದಕಿದಾಗ ಸುಟ್ಟ ಫೋಮಿನ ತುಂಡೊಂದು ಕಳಚಿ ಅವನ ಬೂಟಿನ ಮೇಲೆ ಬಿತ್ತು. ಕಾಲು ಕೊಡವಿಕೊಂಡು ಅದರದ್ದೂ ಒಂದು ಫೋಟೊ ತೆಗೆದ. ಇನ್ಶೂರೆನ್ಸಿನವರು ಕಳಿಸಿದ ಮನುಷ್ಯ. ಬಂದು ಅರ್ಧ ಗಂಟೆಯಾದರೂ ಮುಖದಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ.

"ವೈರಿಂಗ್ ಕಿಸ್ ಕಾ ಹೈ?" ಎಂದು ಕೇಳಿದ.

"ಮೇರಾ," ಎಂದ, ಮರಕ್ಕೆ ದೀಪದ ವೈರು ಎಳೆದ ಕುಶಲ. ಅವನ ಬಲಗೈಗೆ ಬ್ಯಾಂಡೇಜು ಸುತ್ತಿತ್ತು. ನಿನ್ನೆ ಸಂಜೆ ಉರಿಯುವ ಮರದೊಳಗೆ ಕೈ ಹಾಕಿ ವೈರುಗಳನ್ನು ಕಿತ್ತೆಳೆದವನು ಅವನೇ. ಪಾರ್ಟಿಯ ಬುಕಿಂಗ್ ಉಂಟೆಂದು ದೀಪ ಪರೀಕ್ಷಿಸಲು ಡೊಂಬಿವಲಿಯಿಂದ ಬಂದಿದ್ದ.

ನಾಲ್ಕು ಹೆಜ್ಜೆ ಆಚೆ ಗುರುವಪ್ಪ ಕೈಕಟ್ಟಿ ನಿಂತಿದ್ದ. ನೆರೂಳಿನ ಈ ಗಾರ್ಡನ್ ರೆಸ್ಟೋರೆಂಟಿನ ಮ್ಯಾನೇಜರ್. ಬೆಂಕಿ ವೈರಿನಿಂದ ಹತ್ತಿದ್ದಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಅದನ್ನು ಹತ್ತಿಸಿದ ಊದುಬತ್ತಿಯನ್ನು ಅಲ್ಲಿ ಸಿಕ್ಕಿಸಿದವನು ಅವನೇ.

ಮೊದಲು ಆ ಜಾಗದಲ್ಲಿ ನಿಜವಾದ ಬಾದಾಮಿ ಮರವಿತ್ತು. ಧಣಿ ಗುಣಪಾಲ ಹೋಟೆಲು ತೆರೆದ ವರ್ಷ ನೆಟ್ಟದ್ದು. ಸಂಜೆ ಐದಕ್ಕೆ ಹೋಟೆಲು ತೆರೆಯುವಾಗ ಗುರುವಪ್ಪ ಊದುಬತ್ತಿ ಹಚ್ಚಿಕೊಂಡು ಒಂದು ಸುತ್ತು ಬರುತ್ತಿದ್ದ. ಮೊದಲು ದೇವರ ಪಟಕ್ಕೆ, ಆಮೇಲೆ ದುಡ್ಡಿನ ಗಲ್ಲೆಗೆ, ಒಲೆಗೆ, ಬಾಗಿಲಿಗೆ. ಉಳಿದ ಎರಡು ಕಡ್ಡಿ ಮರದ ತೊಗಟೆಯ ಸೀಳಿಗೆ. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡಾದರೂ ಹೋಗಿ ಸಿಕ್ಕಿಸಿ ಬರುತ್ತಿದ್ದ. ಕಳೆದ ವರ್ಷ ಒಬ್ಬ ಗಿರಾಕಿಯ ಪನೀರಿನ ಮೇಲೆ ಕಂಬಳಿಹುಳು ಬಿತ್ತು. ಅವನು ಅದನ್ನು ತಿನ್ನದೆ ಫೋನಿನಲ್ಲಿ ಫೋಟೊ ಹಿಡಿದು ಊರಿಗೆಲ್ಲ ಹಂಚಿದ. ಅಲ್ಲಿಗೆ ಬಾದಾಮಿಯ ಋಣ ತೀರಿತು. ಮುನಿಸಿಪಾಲಿಟಿಯ ಅನುಮತಿ ತರಲು ಆರು ತಿಂಗಳು, ಕಡಿಯಲು ಒಂದು ಮಧ್ಯಾಹ್ನ.

ಆ ಜಾಗಕ್ಕೆ ರಮಿತಾ ಈ ಆಲವನ್ನು ತಂದಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ತುಳುವರ ಹುಡುಗಿ. ಕಳಂಬೋಲಿಯ ಗೋಡೌನಿನಲ್ಲಿ ಮರಗಳನ್ನು ಜೋಡಿಸಿ ಹೋಟೆಲುಗಳಿಗೆ, ಮಾಲುಗಳಿಗೆ ಕೊಡುತ್ತಾಳೆ. ಕಬ್ಬಿಣದ ಪೈಪು, ಅದಕ್ಕೆ ಫೋಮು, ಮೇಲೆ ಫೈಬರಿನ ತೊಗಟೆ, ಸಾವಿರಾರು ಬಟ್ಟೆಯ ಎಲೆ. ನಿಜದ ಹಾಗೆ ಕಾಣಲಿ ಎಂದು ಪೊಟರೆಯಲ್ಲಿ ಒಣ ನಾರು, ಪಾಚಿ ಬೇರೆ ತುರುಕಿದ್ದಳು. ಈ ಮರಕ್ಕೆ ಹುಳವಿಲ್ಲ, ಎಲೆ ಗುಡಿಸುವ ತಾಪತ್ರಯವಿಲ್ಲ. ಮೊದಲೆರಡು ದಿನ ಕಾಗೆಗಳು ಮಾತ್ರ ಮೋಸಹೋದವು.

ಜೋಡಿಸಿದ ದಿನವೇ ಅವಳು ಎಚ್ಚರಿಕೆ ಹೇಳಿದ್ದಳು. ಸಿಗರೇಟು ಬೇಡ, ಮೇಣದಬತ್ತಿ ಬೇಡ, ತಂದೂರಿನ ಕೆಂಡ ಹತ್ತಿರ ಸುಳಿಯಲೇಬಾರದು. ವೇಟರುಗಳನ್ನು ಸಾಲಾಗಿ ನಿಲ್ಲಿಸಿ ಅದನ್ನು ತುಳುವಿನಲ್ಲೂ ಹಿಂದಿಯಲ್ಲೂ ಒಪ್ಪಿಸಿದವನು ಇದೇ ಗುರುವಪ್ಪ. ಅವತ್ತು ಸಂಜೆಯೇ ಉಳಿದೆರಡು ಕಡ್ಡಿಯನ್ನು ಪೊಟರೆಗೆ ಸಿಕ್ಕಿಸಿದವನೂ ಇದೇ ಗುರುವಪ್ಪ. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ, ಮೇ ತಿಂಗಳ ಬಿಸಿಗಾಳಿಗೆ, ನಾರು ಹೊಗೆಯಾಡಿ ಬೆಂಕಿ ಎಲೆಗಳಿಗೆ ಏರಿತು.

ಸರ್ವೇಯರ್ ಕುರ್ಚಿ ಎಳೆದುಕೊಂಡು ಫಾರ್ಮು ಬಿಚ್ಚಿದ. ರಮಿತಾ ಕುಶಲನ ಪಕ್ಕದಲ್ಲಿ ನಿಂತು ಸಣ್ಣ ದನಿಯಲ್ಲಿ ಕೇಳುತ್ತಿದ್ದಳು. "ಜಾಯಿಂಟಿಗೆ ಟೇಪ್ ಹಾಕಿದ್ದೆಯಲ್ಲಾ? ಸರಿಯಾಗಿ ಯಾದ್ ಕರ್."

"ಹಾಕಿದ್ದೆ ಅಂತ ನೆನಪು," ಎಂದ ಕುಶಲ. "ಕೆಳಗಿನದ್ದು... ಅದು ಸಂಶಯ ಉಂಟು ಮೇಡಂ. ನಾನೇ ಬಿಟ್ಟಿರಬೇಕು. ಮತ್ತೆ ಎಲ್ಲಿಂದ ಬೆಂಕಿ ಬರುದು?"

ಹುಡುಗ ವಾದ ಮಾಡುತ್ತಾನೆ, ಜಗಳ ಆಡುತ್ತಾನೆ ಎಂದು ಗುರುವಪ್ಪ ಎಣಿಸಿದ್ದ. ಇವನು ನೋಡಿದರೆ ಮಾಡದ ತಪ್ಪನ್ನು ತಾನೇ ಹುಡುಕಿ ಕೊಡುತ್ತಿದ್ದಾನೆ. ಆರು ವರ್ಷ ಹೆಲ್ಪರಾಗಿ ತಿರುಗಿ ಕಳೆದ ಗಣೇಶ ಚೌತಿಗೆ ವೈರ್‌ಮನ್ ಲೈಸೆನ್ಸು ಪಡೆದವನು. ಅವನ ಕೆಲಸದಿಂದ ಬೆಂಕಿ ಬಿತ್ತು ಎಂದು ಕಾಗದದಲ್ಲಿ ಬಂದರೆ ಆ ಲೈಸೆನ್ಸು ಉಳಿಯುವುದಿಲ್ಲ. ಉಳಿದರೂ ಯಾವ ಹೋಟೆಲಿನವರೂ ಅವನಿಗೆ ಸ್ವಿಚ್ಚು ಮುಟ್ಟಲು ಬಿಡುವುದಿಲ್ಲ.

"ಗುರುವಪ್ಪ, ಇಲ್ಲಿ ಬಾ," ಎಂದು ಗಲ್ಲೆಯಿಂದ ಗುಣಪಾಲ ಕರೆದ.

ಗಲ್ಲೆಯ ಹಿಂದೆ ಇಬ್ಬರೇ. ಗುಣಪಾಲ ದನಿ ತಗ್ಗಿಸಿದ. "ಸಾಕ್ಷಿ ಅಂತ ನಿನ್ನ ಸೈನ್ ಬೇಕಂತೆ. ವೈರಿನಲ್ಲಿ ಕಿಡಿ ಕಂಡೆ ಅಂತ ಹೇಳು, ಸೈನ್ ಹಾಕು. ಮುಗೀತು."

"ಕಿಡಿ ನಾನು ಕಂಡಿಲ್ಲ ಧಣಿ."

"ನೀನು ಎಂತ ಇಟ್ಟದ್ದು ಅಂತ ನಾನು ಕಂಡಿದ್ದೇನೆ."

ಗುರುವಪ್ಪ ಪೊಟರೆಯ ಕಡೆ ತಿರುಗಿ ನೋಡಿದ.

"ದಿನಾ ಇಲ್ಲಿಂದ ಅತ್ತ ಕೈ ಮುಗಿದವ ನಾನಲ್ವಾ? ನನಗೂ ಹೊಳೀಲಿಲ್ಲ ಮಾರಾಯ," ಎಂದ ಗುಣಪಾಲ. "ಅವನಿಗೆ ಪ್ರಾಯ ಉಂಟು, ಎಲ್ಲಿಯಾದ್ರೂ ಬದುಕಿಕೊಳ್ತಾನೆ. ನೀನು ಈ ಪ್ರಾಯದಲ್ಲಿ ಹೆಸರು ಕೆಡಿಸಿಕೊಂಡು ಎಲ್ಲಿಗೆ ಹೋಗ್ತಿ? ನಿನ್ನನ್ನು ನಾನು ಬಿಟ್ಟುಕೊಡುದಿಲ್ಲ. ಹೋಗು, ಸೈನ್ ಹಾಕು."

ಇಷ್ಟು ವರ್ಷಗಳಲ್ಲಿ ಧಣಿ ಇಂಥ ಪ್ರೀತಿಯ ಮಾತು ಆಡಿದ್ದಿಲ್ಲ. ಅದು ಇವತ್ತೇ ಬರಬೇಕಿತ್ತೆ ಎಂದು ಗುರುವಪ್ಪನಿಗೆ ಅನ್ನಿಸಿತು. ಸಂತೋಷವೂ ಆಯಿತು, ಸುಳ್ಳು ಹೇಳುವುದೇಕೆ? ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಆ ಸಂತೋಷದ ಬಗ್ಗೆಯೇ ನಾಚಿಕೆ ಹುಟ್ಟಿತು.

ಸರ್ವೇಯರ್ ಫಾರ್ಮನ್ನು ಅವನ ಕಡೆಗೆ ತಿರುಗಿಸಿದ. ಕುಶಲ ಆಗಲೇ ಎಡಗೈಯಲ್ಲಿ ಸೊಟ್ಟಪಟ್ಟ ಹೆಸರು ಬರೆದಾಗಿತ್ತು. ಅದರ ಕೆಳಗಿನ ಗೆರೆ ಖಾಲಿಯಿತ್ತು. ಗುರುವಪ್ಪ ಪೆನ್ನು ಹಿಡಿದ. ಗಲ್ಲೆಯ ಕಡೆಯಿಂದ ಧಣಿಯ ಕಣ್ಣು ತನ್ನ ಬೆನ್ನ ಮೇಲೆಯೇ ಇದೆ ಎಂದು ತಿರುಗದೆಯೂ ಗೊತ್ತಾಗುತ್ತಿತ್ತು.

"ಚಾಚಾ, ಜಲ್ದಿ," ಎಂದ ಸರ್ವೇಯರ್. ಅವನಿಗೆ ಮುಂದೆ ಕಲ್ಯಾಣ್ ಊರಿನ ಇನ್ನೊಂದು ಕೆಲಸಕ್ಕೆ ಹೋಗುವುದಿತ್ತು.

ಗುರುವಪ್ಪ ಪೆನ್ನನ್ನು ಫಾರ್ಮಿನ ಮೇಲೆ ಮಲಗಿಸಿದ. "ವೈರ್ ಸೇ ನಹೀ ಲಗಾ ಸಾಬ್," ಎಂದ. "ಅಗರ್‌ಬತ್ತಿ ಸೇ ಲಗಾ. ಮೈನೇ ರಖಾ ಥಾ."

ಊದುಬತ್ತಿ ಇಟ್ಟವನು ತಾನೇ ಎಂದು ಅವನು ಹೇಳಿ ಮುಗಿಸುತ್ತಿದ್ದಂತೆ ಗಲ್ಲೆಯ ಕಡೆ ಕುರ್ಚಿ ಸರಿದ ಸದ್ದಾಯಿತು. ಗುಣಪಾಲ ಎದ್ದು, ಇತ್ತ ನೋಡದೆ, ಒಳಗೆ ಹೋಗಿಬಿಟ್ಟ. ಸರ್ವೇಯರ್ ನಿಟ್ಟುಸಿರು ಬಿಟ್ಟು ಆ ಫಾರ್ಮಿಗೆ ಅಡ್ಡಗೆರೆ ಎಳೆದು ಬ್ಯಾಗಿನಿಂದ ಹೊಸದೊಂದನ್ನು ತೆಗೆದ.

"ಅಂಕಲ್, ನಾನು ಎಷ್ಟು ಸಲ ಹೇಳಿದ್ದೆ," ಎಂದಳು ರಮಿತಾ. "ಆಗ್ ಬಿಲ್ಕುಲ್ ನಹೀ, ಬೆಂಕಿಯೇ ಬೇಡ ಅಂತ ಹೇಳಿದ್ದೆ ನಾ?"

"ಹೇಳಿದ್ದಿ ಮಗಾ. ನಾನೇ ಎಲ್ಲರಿಗೂ ಹೇಳಿದ್ದು." ಅವನು ಸುಟ್ಟ ಪೊಟರೆಯನ್ನು ನೋಡಿದ. "ಊದುಬತ್ತಿ ಸಹ ಬೆಂಕಿ ಅಂತ ನನ್ನ ತಲೆಗೆ ಹೋಗ್ಲೇ ಇಲ್ಲ."

ಹೊಸ ಫಾರ್ಮಿಗೆ ಸಹಿ ಹಾಕಿ ಮುಗಿಸಿದ ಮೇಲೆ ಗುರುವಪ್ಪ ಕುಶಲನ ಕಡೆ ತಿರುಗಿದ. ಎರಡು ಬೈಗುಳ ಬಂದರೆ ಹಗುರವಾದೀತು ಎಂದುಕೊಂಡಿದ್ದ. ಹುಡುಗ ಬೈಯಲಿಲ್ಲ.

"ನಿನ್ನೆಯೇ ಹೇಳ್ಬಹುದಿತ್ತಲ್ಲ ಗುರುವಪ್ಪಣ್ಣ," ಎಂದ. "ನನ್ನಿಂದ ಆದದ್ದು ಅಂತ ಅಮ್ಮನ ಹತ್ರ ಹೇಳಿಬಿಟ್ಟಿದ್ದೇನೆ. ಅವರು ನಿನ್ನೆಯಿಂದ ಊಟ ಮಾಡ್ಲಿಲ್ಲ."

ಹೇಳಬಹುದಿತ್ತು, ಹೇಳಲಿಲ್ಲ, ಅದಕ್ಕಿಂತ ಹೆಚ್ಚಿನದ್ದೇನೂ ಗುರುವಪ್ಪನ ಬಳಿ ಇರಲಿಲ್ಲ.

ಕುಶಲ ಗೇಟಿನವರೆಗೆ ಹೋಗಿ ಎಡಗೈಯಲ್ಲಿ ಫೋನು ಹಿಡಿದ. "ಅಮ್ಮಾ, ಅವು ಎನ್ನ ತಪ್ಪತ್ತ್," ಎಂದ. ತನ್ನ ತಪ್ಪಲ್ಲ ಎಂಬ ಆ ಒಂದೇ ಮಾತು ಆಚೆಗೆ ಮುಟ್ಟಲಿಲ್ಲವೋ, ಆ ತಾಯಿಗೆ ನಂಬಿಕೆ ಬರಲಿಲ್ಲವೋ, ಇನ್ನೊಮ್ಮೆ ಜೋರಾಗಿ ಹೇಳಿದ. ಮತ್ತೊಮ್ಮೆ, ದನಿ ಒಡೆಯುವಷ್ಟು ಜೋರಾಗಿ. ಟೇಬಲ್ ಒರೆಸುತ್ತಿದ್ದ ವೇಟರುಗಳು ಕೈ ನಿಲ್ಲಿಸಿ ಅತ್ತ ನೋಡಿದರು. ಗುರುವಪ್ಪ ಅಂಗಳದ ನಡುವೆ ತಲೆ ತಗ್ಗಿಸಿ ನಿಂತು, ಆ ಮಾತು ಡೊಂಬಿವಲಿಗೆ ಮುಟ್ಟುವವರೆಗೂ ಕೇಳಿಸಿಕೊಂಡ.